ಗೋಡೆಗಳು ಹೇಳಿದ್ದನ್ನು ಜರ್ಮನಿ ನಂಬಿತೇ?

ಯುರೋಪಿಗೆ ಅಚ್ಚಿನ ಮೊಳೆಗಳನ್ನು ಕೊಟ್ಟ ನಾಡು ಜರ್ಮನಿ. ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಅಲ್ಲಿ ಓದುಬರಹ ಬಾರದವರು ತೀರಾ ವಿರಳರಾಗಿದ್ದರು. ಅದರ ವಿಶ್ವವಿದ್ಯಾನಿಲಯಗಳು, ವೈದ್ಯರು, ಸಂಗೀತಗಾರರು ಜಗತ್ತಿನ ಗೌರವಕ್ಕೆ ಪಾತ್ರರಾಗಿದ್ದರು. ಇಂತಹ ಜನತೆಯ ಕಣ್ಣೆದುರಿನಲ್ಲಿಯೇ 1941ರ ಅಕ್ಟೋಬರ್ 18ರಂದು ಬರ್ಲಿನ್ ನಗರದ ಯಹೂದಿ ಕುಟುಂಬಗಳನ್ನು, ಮಕ್ಕಳು ಮುದುಕರೆನ್ನದೆ, ಗಂಟುಮೂಟೆಗಳೊಂದಿಗೆ ರೈಲು ನಿಲ್ದಾಣಕ್ಕೆ ನಡೆಸಿಕೊಂಡು ಹೋಗಲಾಯಿತು. ಅದು ಆ ನಗರದಿಂದ ಹೊರಟ ಮೊದಲ ಗಡೀಪಾರು ರೈಲು. ರಸ್ತೆಯ ಇಕ್ಕೆಲಗಳಲ್ಲಿ ಜನರಿದ್ದರು. ವರ್ಷಾನುಗಟ್ಟಲೆ ಒಂದೇ ಬೀದಿಯಲ್ಲಿ ಬದುಕಿದ್ದವರು ಅವರು. ನೋಡಿದರು, ಬಹುಪಾಲು ಮಂದಿ ಸುಮ್ಮನಾದರು.

ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಪ್ರಚಾರದ ಮಾಂತ್ರಿಕರು ಇಡೀ ಜನತೆಯನ್ನು ಮರುಳು ಮಾಡಿದರು ಎಂಬುದು ಒಂದು. ಆ ಜನತೆಯೇ ಮೂಲತಃ ಕ್ರೂರವಾಗಿತ್ತು ಎಂಬುದು ಇನ್ನೊಂದು. ಮೊದಲನೆಯ ಉತ್ತರವು ಜನರನ್ನು ಹೊಣೆಯಿಂದ ಮುಕ್ತಗೊಳಿಸುತ್ತದೆ. ಎರಡನೆಯದು ‘ಅವರು ಹಾಗೆ, ನಾವು ಹಾಗಲ್ಲ’ ಎಂಬ ಸುಲಭದ ಸಮಾಧಾನವನ್ನು ನಮಗೆ ಕೊಡುತ್ತದೆ. 1914ರಿಂದ 1945ರವರೆಗೆ ಜರ್ಮನಿಯ ಗೋಡೆಗಳ ಮೇಲೆ ಅಂಟಿಸಲಾದ ಭಿತ್ತಿಪತ್ರಗಳ ಚರಿತ್ರೆಯನ್ನು ಗಮನವಿಟ್ಟು ನೋಡಿದರೆ ಈ ಎರಡೂ ಉತ್ತರಗಳು ಸಾಲುವುದಿಲ್ಲವೆಂದು ತಿಳಿಯುತ್ತದೆ. ಭಿತ್ತಿಪತ್ರಗಳು ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬುದನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸೋಣ.

ಮೊದಲ ಮಹಾಯುದ್ಧ: ಹಣ, ಚಿನ್ನ, ಹಣ್ಣಿನ ಬೀಜ

1914ರಲ್ಲಿ ಯುದ್ಧ ಆರಂಭವಾದಾಗ ಜರ್ಮನ್ ಸರಕಾರವು ಅದರ ಖರ್ಚನ್ನು ತೆರಿಗೆಗಿಂತ ಹೆಚ್ಚಾಗಿ ಸಾಲದಿಂದ ಭರಿಸಲು ತೀರ್ಮಾನಿಸಿತು. ಸಾಲ ಕೊಡಬೇಕಾದವರು ಪ್ರಜೆಗಳು. ಆರು ತಿಂಗಳಿಗೊಮ್ಮೆ, ಒಟ್ಟು ಒಂಬತ್ತು ಬಾರಿ, ಯುದ್ಧ ಸಾಲಪತ್ರಗಳನ್ನು ಮಾರಾಟಕ್ಕಿಡಲಾಯಿತು. ಆರಂಭದಲ್ಲಿ ಇದಕ್ಕೆ ದೊಡ್ಡ ಚಿತ್ರಗಳೇನೂ ಬೇಕಾಗಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಗೆಲುವು ಸಿಗುತ್ತದೆಂದು ಜನರು ನಂಬಿದ್ದರು. ಆದರೆ 1916-17ರ ಚಳಿಗಾಲದಲ್ಲಿ ಬ್ರಿಟನ್ನಿನ ನೌಕಾ ದಿಗ್ಬಂಧನ ಮತ್ತು ಆಲೂಗಡ್ಡೆ ಬೆಳೆಯ ನಾಶದಿಂದಾಗಿ ಜನರು ದನಗಳಿಗೆ ಹಾಕುವ ಗಡ್ಡೆಗಳನ್ನು ಬೇಯಿಸಿ ತಿನ್ನುವ ಸ್ಥಿತಿ ಬಂತು. ‘ಟರ್ನಿಪ್ ಚಳಿಗಾಲ’ ಎಂದೇ ಅದು ಚರಿತ್ರೆಯಲ್ಲಿ ಉಳಿದಿದೆ. ಹಸಿದ ಜನರಿಂದ ಹಣ ಕೇಳುವುದು ಹೇಗೆ?

1917ರ ವಸಂತದಲ್ಲಿ ಆರನೆಯ ಸಾಲಕ್ಕಾಗಿ ಮ್ಯೂನಿಕ್‌ನ ಚಿತ್ರಕಾರ ಫ್ರಿಟ್ಸ್ ಎರ್ಲರ್ ಒಂದು ಭಿತ್ತಿಪತ್ರವನ್ನು ರಚಿಸಿದರು. ಉಕ್ಕಿನ ಶಿರಸ್ತ್ರಾಣ ಧರಿಸಿದ ಒಬ್ಬ ಸೈನಿಕ; ಎದೆಯ ಮೇಲೆ ವಿಷಾನಿಲ ತಡೆಯುವ ಮುಖಗವಸು; ಹಿಂದೆ ಮುಳ್ಳುತಂತಿ. ಅವನ ಕಣ್ಣುಗಳು ದೂರದಲ್ಲಿ ನೆಟ್ಟಿವೆ. ಕೆಳಗೆ ‘ಗೆಲ್ಲಲು ನಮಗೆ ನೆರವಾಗಿರಿ’ ಎಂಬ ಮಾತು. ಈ ಚಿತ್ರದಲ್ಲಿ ಶತ್ರುವಿನ ಸುಳಿವೇ ಇರಲಿಲ್ಲ. ಮನೆಯಿಂದ ಮಗನನ್ನೋ ಗಂಡನನ್ನೋ ರಣರಂಗಕ್ಕೆ ಕಳುಹಿಸಿದ್ದ ಪ್ರತಿಯೊಬ್ಬರೂ ಆ ಮುಖದಲ್ಲಿ ತಮ್ಮವನನ್ನು ಕಂಡರು. ಅಂಚೆ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಶಾಲೆಗಳಲ್ಲಿ ಅದು ರಾರಾಜಿಸಿತು. ಆ ಸಾಲಕ್ಕೆ 1,300 ಕೋಟಿ ಮಾರ್ಕ್‌ಗೂ ಹೆಚ್ಚು ಹಣ ಹರಿದುಬಂತು. ಒಂಬತ್ತು ಸಾಲಗಳಿಂದ ಒಟ್ಟು ಸಂಗ್ರಹವಾದದ್ದು ಸುಮಾರು 9,800 ಕೋಟಿ ಮಾರ್ಕ್.

ಹಣದ ಜೊತೆಗೆ ಚಿನ್ನವನ್ನೂ ಕೇಳಲಾಯಿತು. ಮದುವೆಯ ಉಂಗುರವನ್ನು ಕೊಟ್ಟು ಕಬ್ಬಿಣದ ಉಂಗುರವನ್ನು ಧರಿಸುವುದು ಹೆಮ್ಮೆಯ ಸಂಗತಿಯೆನಿಸಿತು. ಎಣ್ಣೆಗಾಗಿ ಹಣ್ಣಿನ ಬೀಜಗಳನ್ನು ಕೂಡಿಡಿರಿ ಎಂದು ಒಂದು ಭಿತ್ತಿಪತ್ರ, ಕೈಗಾರಿಕೆಗೆ ಬೇಕಾದ ಪಟ್ಟಿಗಳಿಗಾಗಿ ಹೆಂಗಸರ ಉದುರಿದ ಕೂದಲನ್ನು ಕೊಡಿರಿ ಎಂದು ಮತ್ತೊಂದು. ಇಲ್ಲಿ ಭಿತ್ತಿಪತ್ರದ ಮೊದಲ ಗುಟ್ಟು ನಮಗೆ ಕಾಣಿಸುತ್ತದೆ. ಅದು ಎಲ್ಲರಿಂದಲೂ ದೊಡ್ಡ ತ್ಯಾಗವನ್ನು ಒಮ್ಮೆಲೇ ಕೇಳುವುದಿಲ್ಲ. ಮಗುವಿನ ಕೈಯಲ್ಲೂ ಆಗಬಹುದಾದ ಚಿಕ್ಕ ಕೆಲಸವೊಂದನ್ನು ಕೇಳುತ್ತದೆ. ಆ ಚಿಕ್ಕ ಕೆಲಸವನ್ನು ಮಾಡಿದವನು ತನಗರಿವಿಲ್ಲದೆಯೇ ಆ ಯುದ್ಧದ ಪಾಲುದಾರನಾಗುತ್ತಾನೆ. ತಾನು ಕೊಟ್ಟದ್ದು ವ್ಯರ್ಥವಾಯಿತೆಂದು ಒಪ್ಪಿಕೊಳ್ಳುವುದು ಆಮೇಲೆ ಅವನಿಗೆ ಬಹಳ ಕಷ್ಟವಾಗುತ್ತದೆ.

ಕೊಟ್ಟದ್ದು ವ್ಯರ್ಥವಾಯಿತು. 1918ರ ನವೆಂಬರ್‌ನಲ್ಲಿ ಜರ್ಮನಿ ಸೋತಿತು. 1923ರ ಭೀಕರ ಹಣದುಬ್ಬರದಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ತೆರಬೇಕಾಯಿತು. ಎರ್ಲರ್‌ರ ಸೈನಿಕನ ಮುಖ ನೋಡಿ ಜೀವಮಾನದ ಉಳಿತಾಯವನ್ನು ಕೊಟ್ಟಿದ್ದ ಶಿಕ್ಷಕರು, ವಿಧವೆಯರು, ಸಣ್ಣ ವ್ಯಾಪಾರಿಗಳು ಬರಿಗೈಯಾದರು.

ಸೋಲಿನ ಬಳಿಕ ಹುಟ್ಟಿದ ಸುಳ್ಳು

ನ್ಯಾಯವಾಗಿ ಈ ಜನರ ಸಿಟ್ಟು, ಗೆಲುವಿನ ಭರವಸೆ ಕೊಟ್ಟು ಸಾಲ ಪಡೆದವರ ಮೇಲೆ ತಿರುಗಬೇಕಾಗಿತ್ತು. ಹಾಗಾಗಲಿಲ್ಲ. ಕೊನೆಯ ವಾರಗಳವರೆಗೂ ಗೆಲುವು ನಮ್ಮದೇ ಎಂದು ಗೋಡೆಗಳು ಸಾರುತ್ತಿದ್ದುದರಿಂದ ಸೋಲು ಜನರಿಗೆ ಸಿಡಿಲಿನಂತೆ ಎರಗಿತ್ತು. ಸೇನೆ ರಣರಂಗದಲ್ಲಿ ಸೋತೇ ಇಲ್ಲ, ಒಳಗಿನ ದ್ರೋಹಿಗಳು ಅದರ ಬೆನ್ನಿಗೆ ಇರಿದರು ಎಂಬ ಕಥೆಯನ್ನು ಸೇನಾಧಿಕಾರಿಗಳೇ ಹಬ್ಬಿಸಿದರು. 1919ರಲ್ಲಿ ಫೀಲ್ಡ್ ಮಾರ್ಷಲ್ ಹಿಂಡೆನ್‌ಬರ್ಗ್ ಸಂಸದೀಯ ತನಿಖಾ ಸಮಿತಿಯ ಮುಂದೆ ಇದೇ ಅರ್ಥದ ಹೇಳಿಕೆ ಕೊಟ್ಟರು. 1924ರ ಚುನಾವಣೆಯಲ್ಲಿ ರಾಷ್ಟ್ರವಾದಿ ಪಕ್ಷವೊಂದು ಮುಸುಕುಧಾರಿಯೊಬ್ಬ ಸೈನಿಕನ ಬೆನ್ನಿಗೆ ಚೂರಿ ಹಾಕುವ ಚಿತ್ರವನ್ನೇ ಭಿತ್ತಿಪತ್ರವಾಗಿ ಮುದ್ರಿಸಿತು. ಆ ಚೂರಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಸಮಾಜವಾದಿಗಳು ಮತ್ತು ಯಹೂದಿಗಳು ಎಂಬ ಉತ್ತರ ಸಿದ್ಧವಾಗಿತ್ತು.

ಸತ್ಯ ಬೇರೆಯೇ ಆಗಿತ್ತು. ಸುಮಾರು ಒಂದು ಲಕ್ಷ ಯಹೂದಿಗಳು ಜರ್ಮನ್ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. 12,000 ಮಂದಿ ಪ್ರಾಣ ತೆತ್ತಿದ್ದರು. 1920ರಲ್ಲಿ ಯಹೂದಿ ಮಾಜಿ ಸೈನಿಕರ ಸಂಘವು ತಾನೇ ಒಂದು ಪತ್ರವನ್ನು ಮುದ್ರಿಸಿತು. ಅದು ಜರ್ಮನಿಯ ತಾಯಂದಿರನ್ನು ಉದ್ದೇಶಿಸಿತ್ತು. ಸಮಾಧಿಯೊಂದರ ಬಳಿ ತಲೆಬಾಗಿ ನಿಂತ ತಾಯಿಯ ಚಿತ್ರ, ರಣರಂಗದಲ್ಲಿ ಮಡಿದ 12,000 ಯಹೂದಿ ಯೋಧರ ಲೆಕ್ಕ, ಮಕ್ಕಳನ್ನು ಕಳೆದುಕೊಂಡವರ ದುಃಖವನ್ನು ಅಪಹಾಸ್ಯ ಮಾಡಬೇಡಿರಿ ಎಂಬ ಬಿನ್ನಹ. ಅಂಕಿಸಂಖ್ಯೆ ಸರಿಯಾಗಿತ್ತು, ಮಾತು ಸಭ್ಯವಾಗಿತ್ತು. ಆದರೆ ತನ್ನ ನಷ್ಟಕ್ಕೆ ಕಾರಣನೊಬ್ಬನನ್ನು ಹುಡುಕುತ್ತಿದ್ದ ಮನಸ್ಸಿಗೆ ಈ ಲೆಕ್ಕ ಬೇಕಾಗಿರಲಿಲ್ಲ. ಸುಳ್ಳಿಗೆ ಸತ್ಯಾಂಶ ಮಾತ್ರವೇ ಮದ್ದಾಗಿದ್ದರೆ 1920ರಲ್ಲಿಯೇ ಈ ರೋಗ ವಾಸಿಯಾಗಬೇಕಿತ್ತು.

ಹಿಟ್ಲರನು ಮೊದಲ ಮಹಾಯುದ್ಧದಿಂದ ಕಲಿತ ಪಾಠ ಇದೇ ಆಗಿತ್ತು. 1925ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತ ಯುದ್ಧ ಪ್ರಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಬ್ರಿಟಿಷರ ಪ್ರಚಾರವನ್ನು ಹೊಗಳಿ, ಜರ್ಮನಿಯದನ್ನು ತೆಗಳಿದ. ಪ್ರಚಾರವು ವಿದ್ಯಾವಂತರ ತರ್ಕಕ್ಕಾಗಿ ಇರುವುದಲ್ಲ, ಜನಸಮೂಹದ ಭಾವನೆಗಾಗಿ. ವಿಷಯಗಳು ಕೆಲವೇ ಇರಬೇಕು, ಅವುಗಳನ್ನೇ ಎಡೆಬಿಡದೆ ಹೇಳುತ್ತಿರಬೇಕು. ಎದುರಾಳಿಯ ಮಾತಿನಲ್ಲಿರುವ ಸತ್ಯವನ್ನು ಎಂದಿಗೂ ಒಪ್ಪಿಕೊಳ್ಳಬಾರದು ಎಂಬುದು ಅವನ ವಾದದ ಸಾರ.

ಹಸಿವಿನ ನಡುವೆ ಒಂದು ಮುಖ

1932ರಲ್ಲಿ ಜರ್ಮನಿಯಲ್ಲಿ ಸುಮಾರು 60 ಲಕ್ಷ ಮಂದಿ ನಿರುದ್ಯೋಗಿಗಳಿದ್ದರು. ಆ ವರ್ಷದ ಚುನಾವಣೆಗಾಗಿ ಹಾನ್ಸ್ ಶ್ವೈಟ್ಸರ್ ಎಂಬ ಚಿತ್ರಕಾರ ಒಂದು ಭಿತ್ತಿಪತ್ರವನ್ನು ರಚಿಸಿದ. ‘ಮ್ಯೋಲ್ನಿರ್’ ಎಂಬ ಅಂಕಿತನಾಮದಲ್ಲಿ ಚಿತ್ರ ಬರೆಯುತ್ತಿದ್ದ ಈತ ಗೋಬೆಲ್ಸ್‌ನ ಆಪ್ತ. ಬಣ್ಣಗೆಟ್ಟ, ಬಳಲಿದ, ಗುಂಪುಗುಂಪಾದ ಮುಖಗಳು; ಮೇಲೆ ಕೆಳಗೆ ಒಂದು ಸಾಲು: ನಮ್ಮ ಕೊನೆಯ ಆಸೆ ಹಿಟ್ಲರ್. ಇದರಲ್ಲಿ ಕಾರ್ಯಕ್ರಮವಿಲ್ಲ, ವಾದವಿಲ್ಲ. ನೋಡುಗನ ಸ್ವಂತ ಹಸಿವನ್ನೇ ಅವನಿಗೆ ತೋರಿಸಿ, ಅದರ ಪಕ್ಕದಲ್ಲಿ ಒಂದು ಹೆಸರನ್ನು ಇಡಲಾಗಿತ್ತು.

ಆದರೂ ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. 1932ರ ಜುಲೈ ಚುನಾವಣೆಯಲ್ಲಿ ನಾಝಿ ಪಕ್ಷಕ್ಕೆ ದೊರೆತದ್ದು 37.3 ಶೇಕಡಾ ಮತ. ನವೆಂಬರ್‌ನಲ್ಲಿ ಅದು 33.1 ಶೇಕಡಾಕ್ಕೆ ಇಳಿಯಿತು. ವಿರೋಧಿಗಳನ್ನು ಬಂಧಿಸಿ, ಬೀದಿಗಳಲ್ಲಿ ಭೀತಿ ಹರಡಿ ನಡೆಸಿದ 1933ರ ಮಾರ್ಚ್ ಚುನಾವಣೆಯಲ್ಲಿಯೂ ಅದಕ್ಕೆ ಬಹುಮತ ಸಿಗಲಿಲ್ಲ. ಅಂದರೆ ಎದುರಾಳಿಗಳ ಭಿತ್ತಿಪತ್ರಗಳು ಅದೇ ಗೋಡೆಯ ಮೇಲೆ ಇರುವವರೆಗೂ ನಾಝಿ ಭಿತ್ತಿಪತ್ರಗಳಿಗೆ ಅರ್ಧದಷ್ಟು ಜನರನ್ನೂ ಒಲಿಸಿಕೊಳ್ಳಲಾಗಲಿಲ್ಲ. ಅಧಿಕಾರವು ದೊರೆತದ್ದು ತೆರೆಮರೆಯ ರಾಜಕೀಯ ಒಪ್ಪಂದಗಳಿಂದ.

1933ರ ಮಾರ್ಚ್ 13ರಂದು ‘ಜನಜಾಗೃತಿ ಮತ್ತು ಪ್ರಚಾರ’ ಸಚಿವಾಲಯ ಸ್ಥಾಪನೆಯಾಯಿತು. ಗೋಬೆಲ್ಸ್ ಅದರ ಸಚಿವನಾದ. ಸೆಪ್ಟೆಂಬರ್‌ನಲ್ಲಿ ಸಂಸ್ಕೃತಿ ಮಂಡಳಿಯೊಂದು ರಚನೆಗೊಂಡು, ಅದರ ಸದಸ್ಯತ್ವವಿಲ್ಲದ ಕಲಾವಿದನು ವೃತ್ತಿ ನಡೆಸುವಂತಿಲ್ಲವೆಂದಾಯಿತು. ಯಹೂದಿ ಕಲಾವಿದರು ಹೊರಹಾಕಲ್ಪಟ್ಟರು. ಎದುರಾಳಿ ಪಕ್ಷಗಳೂ ಪತ್ರಿಕೆಗಳೂ ನಿಷೇಧಕ್ಕೊಳಗಾದವು. ಇನ್ನು ಗೋಡೆಯ ಮೇಲೆ ಒಂದೇ ದನಿ. ನಾಝಿ ಪ್ರಚಾರದ ನಿಜವಾದ ಬಲ ಚಿತ್ರಕಾರನ ಕುಂಚಕ್ಕಿಂತ ಹೆಚ್ಚಾಗಿ ಈ ಏಕಸ್ವಾಮ್ಯದಲ್ಲಿತ್ತು.

ಅರವತ್ತು ಸಾವಿರ ಮಾರ್ಕ್‌ಗಳ ಲೆಕ್ಕ

1930ರ ದಶಕದ ಕೊನೆಯ ಭಾಗದ ಒಂದು ಭಿತ್ತಿಪತ್ರವನ್ನು ಇಲ್ಲಿ ನೆನೆಯಬೇಕು. ಕುರ್ಚಿಯಲ್ಲಿ ಕುಳಿತ ಒಬ್ಬ ಅಂಗವಿಕಲ. ಅವನ ಹಿಂದೆ ಬಿಳಿ ಕೋಟು ಧರಿಸಿದ ಆರೈಕೆದಾರ. ವಂಶಪಾರಂಪರ್ಯ ಕಾಯಿಲೆಯ ಈ ವ್ಯಕ್ತಿಗಾಗಿ ಸಮಾಜವು ಜೀವನಪೂರ್ತಿ 60,000 ಮಾರ್ಕ್ ಖರ್ಚು ಮಾಡುತ್ತದೆ, ಇದು ನಿಮ್ಮದೂ ಹಣ ಎಂಬುದು ಅದರ ಒಕ್ಕಣೆ. ಶಾಲೆಯ ಗಣಿತ ಪುಸ್ತಕಗಳಲ್ಲಿಯೂ ಇದೇ ಬಗೆಯ ಲೆಕ್ಕಗಳು ಬಂದವು. 1933ರ ಜುಲೈನ ಕಾನೂನಿನಂತೆ ಸುಮಾರು ನಾಲ್ಕು ಲಕ್ಷ ಮಂದಿಗೆ ಬಲವಂತದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. ಯುದ್ಧ ಆರಂಭವಾದ ಬಳಿಕ ಅವರಲ್ಲಿ ಅನೇಕರ ಬದುಕುವ ಹಕ್ಕನ್ನೇ ಕಿತ್ತುಕೊಳ್ಳಲಾಯಿತು. 1940ರ ಜನವರಿಯಿಂದ 1941ರ ಆಗಸ್ಟ್‌ವರೆಗೆ ಆರು ಕೇಂದ್ರಗಳಲ್ಲಿ ಸುಮಾರು 70,000 ರೋಗಿಗಳನ್ನು ವಿಷಾನಿಲದಿಂದ ಕೊಲ್ಲಲಾಯಿತು.

ಭಿತ್ತಿಪತ್ರವು ಜನರ ಮನಸ್ಸನ್ನು ಪೂರ್ಣವಾಗಿ ಗೆದ್ದಿದ್ದರೆ ಈ ಕೊಲೆಗಳಿಗೆ ವಿರೋಧ ಬರಬಾರದಿತ್ತು. ಆದರೆ ಬಂತು. ಕುಟುಂಬಗಳಿಗೆ ಸುಳ್ಳು ಮರಣ ಪತ್ರಗಳು ತಲುಪುತ್ತಿದ್ದವು. ಅಪೆಂಡಿಕ್ಸನ್ನು ವರ್ಷಗಳ ಹಿಂದೆಯೇ ತೆಗೆಸಿಕೊಂಡಿದ್ದವರು ಅದರ ಉರಿಯೂತದಿಂದ ಸತ್ತರೆಂಬ ಪತ್ರಗಳೂ ಅವುಗಳಲ್ಲಿದ್ದವು. ತಾಯಂದಿರಿಗೆ, ಅಕ್ಕತಂಗಿಯರಿಗೆ ಅನುಮಾನ ಬಂತು. 1941ರ ಆಗಸ್ಟ್ 3ರಂದು ಮ್ಯೂನ್ಸ್ಟರ್ ನಗರದ ಬಿಷಪ್ ಗಾಲೆನ್, ಚರ್ಚಿನಲ್ಲಿ ಬಹಿರಂಗವಾಗಿ ಈ ಕೊಲೆಗಳನ್ನು ಖಂಡಿಸಿದರು. ಅವರ ಪ್ರವಚನದ ಪ್ರತಿಗಳು ಗುಟ್ಟಾಗಿ ದೇಶದಾದ್ಯಂತ ಹರಡಿದವು. ಆಗಸ್ಟ್ 24ರಂದು ಹಿಟ್ಲರನು ಆ ಕೇಂದ್ರಗಳ ಕಾರ್ಯವನ್ನು ನಿಲ್ಲಿಸಲು ಆದೇಶಿಸಿದ. ಕೊಲೆಗಳು ಬಳಿಕ ಆಸ್ಪತ್ರೆಗಳೊಳಗೆ ಔಷಧಿ ಮತ್ತು ಉಪವಾಸದ ಮೂಲಕ ಗುಟ್ಟಾಗಿ ಮುಂದುವರಿದವು ಎಂಬುದು ನಿಜ. ಆದರೂ ಜನಾಭಿಪ್ರಾಯಕ್ಕೆ ಆ ಸರಕಾರ ಹೆದರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

ಇಲ್ಲಿ ಜನರು ಗೋಡೆಯನ್ನು ಏಕೆ ನಂಬಲಿಲ್ಲ? ಏಕೆಂದರೆ ಆ ಕುರ್ಚಿಯಲ್ಲಿ ಕುಳಿತವನನ್ನು ಅವರು ಬಲ್ಲವರಾಗಿದ್ದರು. ಅವನು ಯಾರದೋ ಮಗ, ಯಾರದೋ ತಮ್ಮ. ಪ್ರೀತಿಯ ನೆನಪಿನ ಮುಂದೆ 60,000 ಮಾರ್ಕ್‌ಗಳ ಲೆಕ್ಕ ನಿಲ್ಲಲಿಲ್ಲ. ಅದೇ ತಿಂಗಳುಗಳಲ್ಲಿ ಯಹೂದಿಗಳ ಗಡೀಪಾರು ಸಿದ್ಧತೆ ನಡೆಯುತ್ತಿದ್ದಾಗ ಇಂತಹದ್ದೇ ಗಟ್ಟಿ ದನಿ ಏಕೆ ಏಳಲಿಲ್ಲ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ.

ಅಪರಿಚಿತಗೊಂಡ ನೆರೆಯವರು

ಎಂಟು ವರ್ಷಗಳಲ್ಲಿ ಯಹೂದಿಗಳನ್ನು ಶಾಲೆಯಿಂದ, ಉದ್ಯೋಗದಿಂದ, ಉದ್ಯಾನದಿಂದ, ಈಜುಕೊಳದಿಂದ ಒಂದೊಂದಾಗಿ ಹೊರಗಿಡಲಾಗಿತ್ತು. ಅವರೊಂದಿಗೆ ಕುಳಿತು ಉಣ್ಣುವ, ಅವರ ಅಂಗಡಿಯಲ್ಲಿ ಸಾಮಾನು ಕೊಳ್ಳುವ, ಅವರ ಮಕ್ಕಳೊಂದಿಗೆ ತಮ್ಮ ಮಕ್ಕಳನ್ನು ಆಡಲು ಬಿಡುವ ಅವಕಾಶಗಳು ಮುಚ್ಚಿದವು. ಜೀವಂತ ಮುಖ ಮರೆಯಾದ ಜಾಗದಲ್ಲಿ ಗೋಡೆಯ ಚಿತ್ರ ಬಂದು ಕುಳಿತಿತು. 1937ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ತೆರೆದ ಯಹೂದಿ ವಿರೋಧಿ ಪ್ರದರ್ಶನದ ಭಿತ್ತಿಪತ್ರದಲ್ಲಿ ಒಂದು ಕೈಯಲ್ಲಿ ನಾಣ್ಯ, ಇನ್ನೊಂದು ಕೈಯಲ್ಲಿ ಚಾವಟಿ, ಕಂಕುಳಲ್ಲಿ ಸುತ್ತಿಗೆ-ಕುಡುಗೋಲು ಮುದ್ರೆಯ ನಕ್ಷೆ ಹಿಡಿದ ವಿಕಾರ ಆಕೃತಿಯಿತ್ತು. ಬಂಡವಾಳಶಾಹಿಯೂ ಅವನೇ, ಸಾಮ್ಯವಾದಿಯೂ ಅವನೇ! ಈ ವಿರೋಧಾಭಾಸವನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಆ ಪ್ರದರ್ಶನವನ್ನು ಮ್ಯೂನಿಕ್‌ನಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನರು ನೋಡಿದರು.

ಯುದ್ಧಕಾಲದಲ್ಲಿ ‘ವಾರದ ಘೋಷಣೆ’ ಎಂಬ ಗೋಡೆ ಪತ್ರಿಕೆಯು ಪ್ರತಿವಾರ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಅಚ್ಚಾಗಿ, ಟ್ರಾಮ್ ನಿಲ್ದಾಣ, ಕಾರ್ಖಾನೆ, ಅಂಚೆ ಕಚೇರಿ, ಹೋಟೆಲುಗಳಲ್ಲಿ ತೂಗುತ್ತಿತ್ತು. ಪತ್ರಿಕೆಯನ್ನು ಕೊಳ್ಳದಿರಬಹುದು, ರೇಡಿಯೊವನ್ನು ಆರಿಸಬಹುದು. ಟ್ರಾಮಿಗಾಗಿ ಕಾಯುವವನು ಗೋಡೆಯಿಂದ ತಪ್ಪಿಸಿಕೊಳ್ಳಲಾರ. ಈ ಪತ್ರಗಳನ್ನು ಅಧ್ಯಯನ ಮಾಡಿದ ಚರಿತ್ರೆಕಾರ ಜೆಫ್ರಿ ಹರ್ಫ್, ಯಹೂದಿಗಳೇ ಈ ಯುದ್ಧವನ್ನು ಆರಂಭಿಸಿದವರು, ಆದ್ದರಿಂದ ಅವರನ್ನು ನಾಶಪಡಿಸುವುದು ಆತ್ಮರಕ್ಷಣೆ ಎಂಬ ಸಂದೇಶ ಬೀದಿಬೀದಿಯಲ್ಲಿ ಬಹಿರಂಗವಾಗಿತ್ತೆಂದು ತೋರಿಸಿದ್ದಾರೆ. 1941ರ ಸೆಪ್ಟೆಂಬರ್‌ನಲ್ಲಿ, ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕೆಂಬ ಆಜ್ಞೆ ಹೊರಬಿದ್ದ ದಿನಗಳಲ್ಲಿಯೇ, ಅವರ ವಿನಾಶವನ್ನು ಮುನ್ನುಡಿದ ಹಿಟ್ಲರನ 1939ರ ಭಾಷಣದ ಸಾಲುಗಳನ್ನು ಪಕ್ಷದ ವಾರದ ಗೋಡೆಬರಹವಾಗಿ ತೂಗುಹಾಕಲಾಗಿತ್ತು. 1943ರಲ್ಲಿ ಶ್ವೈಟ್ಸರ್ ರಚಿಸಿದ ಭಿತ್ತಿಪತ್ರದಲ್ಲಿ ದೈತ್ಯಾಕಾರದ ಬೆರಳೊಂದು ನಕ್ಷತ್ರಧಾರಿಯತ್ತ ಚಾಚಿ, ಯುದ್ಧದ ಅಪರಾಧಿ ಇವನೇ ಎನ್ನುತ್ತಿತ್ತು.

ಜನರೆಲ್ಲರೂ ಇದನ್ನು ಅಕ್ಷರಶಃ ನಂಬಿದರೇ? ಸರಕಾರದ ವರ್ತನೆಯೇ ಇದಕ್ಕೆ ‘ಇಲ್ಲ’ ಎನ್ನುತ್ತದೆ. ನಕ್ಷತ್ರ ಧರಿಸಿದವರಿಗೆ ಕೆಲವರು ಟ್ರಾಮಿನಲ್ಲಿ ಎದ್ದು ಜಾಗ ಕೊಟ್ಟರು, ಕೆಲವರು ಬೇಕೆಂದೇ ನಮಸ್ಕರಿಸಿದರು. 1941ರ ಅಕ್ಟೋಬರ್ 24ರಂದು, ಯಹೂದಿಗಳೊಂದಿಗೆ ಸಾರ್ವಜನಿಕವಾಗಿ ಸ್ನೇಹ ತೋರುವ ಜರ್ಮನರನ್ನು ಮೂರು ತಿಂಗಳವರೆಗೆ ಬಂಧನದಲ್ಲಿಡುವ ಆದೇಶ ಹೊರಟಿತು. ಗೋಡೆಯ ಮಾತು ಸಾಕಾಗಿದ್ದರೆ ಸೆರೆಮನೆಯ ಬೆದರಿಕೆ ಏಕೆ ಬೇಕಾಗುತ್ತಿತ್ತು? ಅದೇ ದಿನಗಳಲ್ಲಿ ಬರ್ಲಿನ್ನಿನ ಪಾದ್ರಿ ಬರ್ನ್‌ಹಾರ್ಡ್ ಲಿಶ್ಟೆನ್‌ಬರ್ಗ್, ಮನೆಮನೆಗೆ ಹಂಚಲಾಗುತ್ತಿದ್ದ ಯಹೂದಿ ವಿರೋಧಿ ಕರಪತ್ರವನ್ನು ನಂಬಬೇಡಿರಿ ಎಂದು ಸಭೆಗೆ ಹೇಳಲು ಪ್ರಕಟಣೆಯೊಂದನ್ನು ಬರೆದಿಟ್ಟಿದ್ದರು. ಅದನ್ನು ಓದುವ ಮುನ್ನವೇ ಅವರು ಬಂಧಿತರಾದರು. 1943ರ ನವೆಂಬರ್‌ನಲ್ಲಿ ಡಾಹೌ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ ಪ್ರಾಣ ಬಿಟ್ಟರು.

ಹೀಗೆ ಭಿತ್ತಿಪತ್ರ ಮತ್ತು ಭಯ ಜೊತೆಜೊತೆಯಾಗಿ ಕೆಲಸ ಮಾಡಿದವು. ಭಯವು ಮನುಷ್ಯನ ಬಾಯಿ ಮುಚ್ಚಿಸಿತು. ಮುಚ್ಚಿದ ಬಾಯಿಗೆ ಭಿತ್ತಿಪತ್ರವು ಒಂದು ನೆಪವನ್ನು ಒದಗಿಸಿತು: ‘ಅವರೂ ಏನೋ ಮಾಡಿದ್ದಿರಬೇಕು, ನಮಗೇಕೆ?’ ತನ್ನ ಹೇಡಿತನವನ್ನು ಒಪ್ಪಿಕೊಳ್ಳುವುದಕ್ಕಿಂತ ಈ ನೆಪವನ್ನು ಒಪ್ಪಿಕೊಳ್ಳುವುದು ಮನುಷ್ಯನಿಗೆ ಹಗುರ. ಜನರ ದ್ವೇಷಕ್ಕಿಂತಲೂ ಅವರ ಉದಾಸೀನವೇ ಹೆಚ್ಚು ವ್ಯಾಪಕವಾಗಿತ್ತೆಂದು ಚರಿತ್ರೆಕಾರ ಇಯಾನ್ ಕೆರ್ಷಾ ವಾದಿಸಿದ್ದು ಈ ಹಿನ್ನೆಲೆಯಲ್ಲಿಯೇ.

ಗೋಡೆ ಸೋತ ಜಾಗ

ಯುದ್ಧದ ಕುರಿತಾದ ಭಿತ್ತಿಪತ್ರಗಳ ಕಥೆ ಬೇರೆ. ಕಲ್ಲಿದ್ದಲು ಉಳಿಸಲು 1942ರ ಡಿಸೆಂಬರ್‌ನಲ್ಲಿ ಆರಂಭಿಸಿದ ಪ್ರಚಾರದಲ್ಲಿ, ಬೆನ್ನ ಮೇಲೆ ಚೀಲ ಹೊತ್ತ ಮೀಸೆಯ ‘ಕಲ್ಲಿದ್ದಲು ಕಳ್ಳ’ ಮನೆಮಾತಾದ. ಮಕ್ಕಳು ಅವನ ಹೆಸರಿನ ಆಟವನ್ನೂ ಆಡಿದರು. ಶತ್ರು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಎಚ್ಚರಿಸುವ ಕಪ್ಪು ನೆರಳಿನ ಚಿತ್ರ ಎಲ್ಲೆಡೆ ಕಾಣಿಸಿತು. ಅದು ಗೂಢಚಾರರನ್ನು ಹಿಡಿದದ್ದಕ್ಕಿಂತ ನೆರೆಯವರು ಪರಸ್ಪರ ಅನುಮಾನಿಸುವಂತೆ ಮಾಡಿದ್ದೇ ಹೆಚ್ಚು.

ಆದರೆ ಗೆಲುವಿನ ಭರವಸೆಯನ್ನು ಹೊತ್ತ ಚಿತ್ರಗಳು ವಾಸ್ತವದ ಮುಂದೆ ನಿಲ್ಲಲಿಲ್ಲ. 1943ರ ಫೆಬ್ರವರಿ 2ರಂದು ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಶರಣಾಯಿತು. ಫೆಬ್ರವರಿ 18ರಂದು ಬರ್ಲಿನ್ನಿನ ಕ್ರೀಡಾಂಗಣದಲ್ಲಿ, ಸಂಪೂರ್ಣ ಯುದ್ಧವೇ ಅತಿ ಬೇಗ ಮುಗಿಯುವ ಯುದ್ಧವೆಂದು ಬರೆದ ಬೃಹತ್ ಬ್ಯಾನರಿನ ಕೆಳಗೆ ನಿಂತು ಗೋಬೆಲ್ಸ್ ಅಬ್ಬರಿಸಿದ. ಅದೇ ದಿನ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಕರಪತ್ರ ಹಂಚುತ್ತಿದ್ದ ಹಾನ್ಸ್ ಶೋಲ್ ಮತ್ತು ಅವನ ತಂಗಿ ಸೋಫಿ ಬಂಧಿತರಾದರು. ಆ ತಿಂಗಳ ಮೊದಲ ಭಾಗದಲ್ಲಿ ಅವರ ಗೆಳೆಯರ ಬಳಗವು ನಗರದ ಗೋಡೆಗಳ ಮೇಲೆ ರಾತ್ರಿಹೊತ್ತು ‘ಸ್ವಾತಂತ್ರ್ಯ’ ಎಂದು ಬರೆದಿತ್ತು. ನಾಲ್ಕೇ ದಿನಗಳಲ್ಲಿ ಅಣ್ಣತಂಗಿಯರ ಶಿರಚ್ಛೇದವಾಯಿತು.

ಜನರ ಮನಸ್ಥಿತಿಯನ್ನು ಅರಿಯಲು ಸರಕಾರವು ತನ್ನ ಗುಪ್ತಚರ ಸೇವೆಯಿಂದ ನಿಯಮಿತವಾಗಿ ವರದಿ ತರಿಸಿಕೊಳ್ಳುತ್ತಿತ್ತು. ಆ ಗುಪ್ತ ವರದಿಗಳು ಇಂದು ನಮಗೆ ಲಭ್ಯ. ಜನರು ಅಧಿಕೃತ ಸುದ್ದಿಯಿಂದ ಬೇಸತ್ತಿದ್ದಾರೆ, ವಿದೇಶಿ ರೇಡಿಯೊ ಕೇಳುತ್ತಿದ್ದಾರೆ ಎಂದು ಅವು ದೂರುತ್ತವೆ. 1943ರ ವಸಂತದಲ್ಲಿ, ಪೋಲಿಷ್ ಅಧಿಕಾರಿಗಳನ್ನು ಸೋವಿಯತ್ತರು ಕೊಂದ ಕಾಟಿನ್ ಘಟನೆಯನ್ನು ಗೋಬೆಲ್ಸ್ ದೊಡ್ಡದಾಗಿ ಪ್ರಚಾರ ಮಾಡಿದಾಗ, ‘ನಮ್ಮವರೇ ಪೋಲಿಷರನ್ನೂ ಯಹೂದಿಗಳನ್ನೂ ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಕೊಂದಿರುವಾಗ ನಮಗೆ ಸಿಟ್ಟಾಗುವ ಹಕ್ಕೆಲ್ಲಿದೆ’ ಎಂಬರ್ಥದಲ್ಲಿ ಕೆಲವರು ಆಡಿಕೊಂಡರೆಂದು ವರದಿಯಾಗಿದೆ. ನಗರಗಳ ಮೇಲೆ ಬಾಂಬು ಬೀಳತೊಡಗಿದಾಗ, ಯಹೂದಿಗಳಿಗೆ ಮಾಡಿದ್ದಕ್ಕೆ ಇದು ಪ್ರತಿಫಲ ಎಂದು ಪಿಸುಗುಟ್ಟಿದವರೂ ಇದ್ದರು. ಅಂದರೆ ಜನರಿಗೆ ತಿಳಿದಿತ್ತು. ತಿಳಿದದ್ದು ಪಶ್ಚಾತ್ತಾಪವಾಗದೆ, ಸೋತರೆ ನಮ್ಮ ಗತಿಯೇನು ಎಂಬ ಭಯವಾಗಿ ಮಾತ್ರ ಉಳಿಯಿತು. ಆ ಭಯವನ್ನೂ ಭಿತ್ತಿಪತ್ರಗಳು ಬಳಸಿಕೊಂಡವು. ಗೆಲುವು ಇಲ್ಲವೇ ಬೋಲ್ಶೆವಿಕರ ಆಳ್ವಿಕೆ ಎಂದು ಹೆದರಿಸಿ ಇನ್ನೆರಡು ವರ್ಷ ಕಾದಾಡಿಸಿದವು.

ಗೋಡೆಗೆ ಉತ್ತರ ಕೊಟ್ಟವರು

1942ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ‘ಸೋವಿಯತ್ ಸ್ವರ್ಗ’ ಎಂಬ ವ್ಯಂಗ್ಯದ ಹೆಸರಿನಲ್ಲಿ ಪ್ರಚಾರ ಪ್ರದರ್ಶನವೊಂದು ನಡೆಯುತ್ತಿತ್ತು. ಒಂದು ರಾತ್ರಿ ಅದರ ಭಿತ್ತಿಪತ್ರಗಳ ಮೇಲೆ ಚಿಕ್ಕ ಚೀಟಿಗಳು ಕಾಣಿಸಿಕೊಂಡವು. ‘ನಾಝಿ ಸ್ವರ್ಗ’ದ ಶಾಶ್ವತ ಪ್ರದರ್ಶನದಲ್ಲಿ ಯುದ್ಧ, ಹಸಿವು, ಸುಳ್ಳು, ಗುಪ್ತ ಪೊಲೀಸರು ಇದ್ದಾರೆ, ಇದು ಇನ್ನೆಷ್ಟು ದಿನ ಎಂದು ಅವು ಕೇಳಿದ್ದವು. ಅಂಟಿಸಿದವರಲ್ಲಿ ಲಿಯಾನೆ ಬರ್ಕೊವಿಟ್ಸ್ ಎಂಬ ಹದಿನೆಂಟರ ತರುಣಿಯೂ ಇದ್ದಳು. ಬಂಧನದಲ್ಲಿಯೇ ಆಕ‌ೆ ಹೆಣ್ಣು ಮಗುವಿಗೆ ಜನ್ಮವಿತ್ತಳು. 1943ರ ಆಗಸ್ಟ್ 5ರಂದು, ಇಪ್ಪತ್ತು ತುಂಬಲು ಎರಡು ದಿನ ಉಳಿದಿರುವಾಗ, ಆಕೆಯನ್ನು ಕೊಲ್ಲಲಾಯಿತು.

ಅದೇ ನಗರದಲ್ಲಿ ಡಾ. ಮುಹಮ್ಮದ್ ಹಿಲ್ಮಿ ಎಂಬ ಮುಸ್ಲಿಮ್ ವೈದ್ಯರಿದ್ದರು. ಖಾರ್ತೂಮ್‌ನಲ್ಲಿ ಈಜಿಪ್ಟ್ ಮೂಲದ ಮನೆಯಲ್ಲಿ ಜನಿಸಿದ ಅವರು 1922ರಲ್ಲಿ ವೈದ್ಯಕೀಯ ಕಲಿಯಲು ಬರ್ಲಿನ್ನಿಗೆ ಬಂದು ಅಲ್ಲಿಯೇ ನೆಲೆಸಿದ್ದರು. ನಾಝಿ ಆಡಳಿತ ಅವರನ್ನೂ ಆಸ್ಪತ್ರೆಯ ಹುದ್ದೆಯಿಂದ ಹೊರಹಾಕಿತ್ತು, ಸೆರೆಯಲ್ಲಿಯೂ ಇಟ್ಟಿತ್ತು. ಹಾಗಿದ್ದೂ 1942ರಲ್ಲಿ ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಯಹೂದಿ ಕುಟುಂಬದ ಹುಡುಗಿ ಆನ್ನಾ ಬೋರೋಸ್‌ಳಿಗೆ ಗಡೀಪಾರಿನ ಅಪಾಯ ಎದುರಾದಾಗ, ಅವರು ಆಕೆಯನ್ನು ಬಚ್ಚಿಟ್ಟರು. ‘ನಾದಿಯಾ’ ಎಂಬ ಹೆಸರು ಕೊಟ್ಟು, ತಮ್ಮ ಸಂಬಂಧಿಯೆಂದು ಹೇಳಿ ಯುದ್ಧ ಮುಗಿಯುವವರೆಗೂ ಕಾಪಾಡಿದರು. ಆನ್ನಾಳ ಅಜ್ಜಿಗೆ ಫ್ರೀಡಾ ಸ್ಟುರ್ಮನ್ ಎಂಬ ಜರ್ಮನ್ ಮಹಿಳೆ ಆಶ್ರಯ ಕೊಟ್ಟರು. ಆನ್ನಾ ಬದುಕುಳಿದು ಮುಂದೆ ಅಮೆರಿಕಕ್ಕೆ ಹೋದಳು. 2013ರಲ್ಲಿ ಯಾದ್ ವಶೆಮ್ ಸಂಸ್ಥೆಯು ಯಹೂದಿಗಳನ್ನು ರಕ್ಷಿಸಿದವರ ಗೌರವ ಪಟ್ಟಿಗೆ ಹಿಲ್ಮಿಯವರನ್ನು ಸೇರಿಸಿತು. ಆ ಪಟ್ಟಿಯಲ್ಲಿ ಅವರು ಮೊದಲ ಅರಬ್. ಅವರು ನಡೆದಾಡಿದ ಬೀದಿಗಳಲ್ಲಿಯೂ ಅವೇ ಭಿತ್ತಿಪತ್ರಗಳಿದ್ದವು. ಆದರೆ ಅವರ ಪಾಲಿಗೆ ‘ಯಹೂದಿ’ ಎಂಬುದು ಗೋಡೆಯ ಮೇಲಿನ ವಿಕಾರ ಆಕೃತಿಯಾಗಿರದೆ, ತಾವು ನಾಡಿ ಹಿಡಿದು ನೋಡಿದ ಮನುಷ್ಯರಾಗಿತ್ತು.

ಪತ್ರ ಹರಿದರೂ ಉಳಿದ ಅಂಟು

1945ರಲ್ಲಿ ಜರ್ಮನಿಯ ಗೋಡೆಗಳಿಗೆ ಹೊಸ ಭಿತ್ತಿಪತ್ರ ಬಂತು. ಅಂಟಿಸಿದವರು ಗೆದ್ದ ಸೇನೆಯವರು. ಶಿಬಿರಗಳಲ್ಲಿ ದೊರೆತ ಶವಗಳ ಛಾಯಾಚಿತ್ರಗಳ ಕೆಳಗೆ, ಈ ಘೋರ ಕೃತ್ಯಗಳು ನಿಮ್ಮ ಅಪರಾಧ ಎಂದು ಬರೆದಿತ್ತು. ಅನೇಕರು ನಮಗೆ ತಿಳಿದಿರಲಿಲ್ಲ ಎಂದರು. ಅಮೆರಿಕನ್ ವಲಯದಲ್ಲಿ 1945ರ ನವೆಂಬರ್‌ನಿಂದ 1946ರ ಡಿಸೆಂಬರ್‌ವರೆಗೆ ನಡೆಸಿದ ಸಮೀಕ್ಷೆಗಳಲ್ಲಿ ಸರಾಸರಿ 47 ಶೇಕಡಾ ಮಂದಿ, ನಾಝಿವಾದವು ಒಳ್ಳೆಯ ವಿಚಾರವಾಗಿತ್ತು, ಜಾರಿಗೊಳಿಸಿದ ರೀತಿ ಮಾತ್ರ ಸರಿಯಿರಲಿಲ್ಲ ಎಂದೇ ಉತ್ತರಿಸಿದರು.

ಈಚಿನ ಸಂಶೋಧನೆಗಳು ಇನ್ನೂ ಎರಡು ಮಾತುಗಳನ್ನು ಹೇಳುತ್ತವೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನಾಝಿ ರೇಡಿಯೊ ಪ್ರಚಾರವನ್ನು ಪರಿಶೀಲಿಸಿ, ಯಹೂದಿ ದ್ವೇಷದ ಹಳೆಯ ಚರಿತ್ರೆಯಿದ್ದ ಊರುಗಳಲ್ಲಿ ಅದು ಹೆಚ್ಚು ಫಲ ಕೊಟ್ಟಿತೆಂದೂ, ಅಂತಹ ದ್ವೇಷ ಕಡಿಮೆಯಿದ್ದ ಕಡೆಗಳಲ್ಲಿ ತಿರುಗುಬಾಣವಾಯಿತೆಂದೂ ಕಂಡುಕೊಂಡಿತು. ಅದೇ ವರ್ಷದ ಇನ್ನೊಂದು ಅಧ್ಯಯನವು, 1930ರ ದಶಕದಲ್ಲಿ ಜನಿಸಿ ನಾಝಿ ಶಾಲೆಗಳಲ್ಲಿ ಓದಿದವರಲ್ಲಿ ಅರ್ಧ ಶತಮಾನದ ಬಳಿಕವೂ ಯಹೂದಿ ದ್ವೇಷವು ಇತರರಿಗಿಂತ ಗಣನೀಯವಾಗಿ ಹೆಚ್ಚಿತ್ತೆಂದು ತೋರಿಸಿತು. ಪ್ರಚಾರವು ಬೀಜ ಬಿತ್ತಬಹುದು. ಅದು ಮೊಳೆಯುವುದು ಹದಗೊಂಡ ನೆಲದಲ್ಲಿ. ಮಕ್ಕಳ ಮನಸ್ಸಿಗಿಂತ ಹದವಾದ ನೆಲ ಮತ್ತಾವುದಿದೆ?

ನ್ಯೂರೆಂಬರ್ಗ್ ನ್ಯಾಯಾಲಯವು ದ್ವೇಷ ಪತ್ರಿಕೆಯ ಸಂಪಾದಕ ಯೂಲಿಯಸ್ ಸ್ಟ್ರೈಶರ್‌ನಿಗೆ ಮರಣದಂಡನೆ ವಿಧಿಸಿತು. ಬಂದೂಕು ಹಿಡಿಯದಿದ್ದರೂ ಕೊಲೆಗೆ ಪ್ರಚೋದಿಸುವ ಮಾತು ಮಾನವತೆಯ ವಿರುದ್ಧದ ಅಪರಾಧವೆಂದು ಅದು ಸಾರಿತು. ಯುದ್ಧದ ಅಪರಾಧಿಯತ್ತ ಬೆರಳು ಚಾಚಿಸಿದ ಚಿತ್ರಕಾರ ಶ್ವೈಟ್ಸರ್ ಮಾತ್ರ 1980ರವರೆಗೂ ಬದುಕಿದ.

ನಮ್ಮ ಮನೆಗಳಿಗೆ ಇಂದು ಚಿತ್ರಗಳು ಬರುವ ದಾರಿ ಬೇರೆ. ಟ್ರಾಮ್ ನಿಲ್ದಾಣದ ಗೋಡೆ ಈಗ ಪ್ರತಿಯೊಬ್ಬರ ಅಂಗೈಯಲ್ಲಿದೆ, ಮಕ್ಕಳ ಅಂಗೈಯಲ್ಲಿಯೂ ಇದೆ. ನಮ್ಮ ಮೇಲೆ ಬೆರಳು ಚಾಚುವ ಚಿತ್ರಗಳೂ ಬರುತ್ತವೆ. ಇನ್ನೊಬ್ಬರ ಮೇಲೆ ಬೆರಳು ಚಾಚಲು ನಮ್ಮನ್ನು ಕರೆಯುವ ಚಿತ್ರಗಳೂ ಬರುತ್ತವೆ. ಮೊದಲನೆಯದು ನೋಯಿಸುತ್ತದೆ, ಆದ್ದರಿಂದ ಅದನ್ನು ಬೇಗ ಗುರುತಿಸುತ್ತೇವೆ. ಎರಡನೆಯದು ಹಿತವಾಗಿರುತ್ತದೆ, ಆದ್ದರಿಂದ ಅದನ್ನು ಪರಿಶೀಲಿಸದೆ ಮುಂದಿನವರಿಗೆ ಕಳುಹಿಸುತ್ತೇವೆ. ಜರ್ಮನಿಯ ಅನುಭವದಿಂದ ನಮ್ಮ ಮಕ್ಕಳಿಗೆ ಕಲಿಸಬಹುದಾದ ಅಭ್ಯಾಸ ಒಂದಿದೆ. ಒಂದು ಸಮುದಾಯವನ್ನು ಒಂದೇ ಮುಖದಲ್ಲಿ ತೋರಿಸುವ ಚಿತ್ರ ಕಂಡಾಗ, ಆ ಸಮುದಾಯದಲ್ಲಿ ನಾವು ಹೆಸರು ಹಿಡಿದು ಕರೆಯಬಲ್ಲ ಒಬ್ಬರನ್ನು ಮೊದಲು ನೆನೆಯಬೇಕು. ಅಂತಹ ಒಬ್ಬರೂ ನೆನಪಿಗೆ ಬಾರದಿದ್ದರೆ, ಆ ಚಿತ್ರವನ್ನು ನಂಬುವ ಮುನ್ನ ಅವರ ಮನೆಯ ಬಾಗಿಲನ್ನು ಒಮ್ಮೆ ತಟ್ಟಿ ಬರಬೇಕು.